ಕಸ ಎಳೆಯುವ ಯಂತ್ರ ಮತ್ತು ಕೆಂಚನ ವರ್ಗಾವಣೆ

ಸೋಮವಾರ, ಕಾಲುವೆಗೆ ನೀರು ಬಿಟ್ಟು ಒಂಬತ್ತನೆಯ ದಿನ. ಬೆಳಿಗ್ಗೆ ಐದೂವರೆ. ಸ್ಥಳ: ಶಹಾಪುರದ ನಮ್ಮ ಮನೆಯ ನಡುಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಶರಣಮ್ಮ, ನಾಯಿ ಕೆಂಚ, ಬೆಕ್ಕು ಸಕ್ಕರಿ. ಗೈರುಹಾಜರಾದವರು: ಯಾರೂ ಇಲ್ಲ.

ಹೀಗೆ ಬರೆದಿಡುವುದು ನನ್ನ ರೂಢಿ. ಮೂವತ್ತೆರಡು ವರ್ಷ ಕಾಲುವೆಯ ಮೇಲೆ ಗೇಜ್ ನೋಡುವ ಕೆಲಸ ಮಾಡಿದವನು ನಾನು. ಕಾಲುವೆಯ ಗೋಡೆಗೆ ಬರೆದ ಗುರುತಿನಲ್ಲಿ ನೀರು ಎಲ್ಲಿಯವರೆಗೆ ಮುಟ್ಟಿದೆ ಎಂದು ದಿನಕ್ಕೆ ಮೂರು ಸಲ ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು, ಮೇಲಿನವರಿಗೆ ತಿಳಿಸಬೇಕು. ನಿವೃತ್ತನಾದ ಮೇಲೆ ನೀರು ನೋಡುವುದು ತಪ್ಪಿತು. ಬರೆಯುವುದು ತಪ್ಪಲಿಲ್ಲ.

ಎದ್ದವನೇ ಹೊದ್ದಿದ್ದ ಕಂಬಳಿಯನ್ನು ನಡುಮನೆಯಲ್ಲಿ ನಿಂತು ಹನ್ನೆರಡು ಸಲ ಕೊಡವಿದೆ. ಹನ್ನೊಂದಲ್ಲ, ಹದಿಮೂರೂ ಅಲ್ಲ. ಕಾಲುವೆಯ ದಂಡೆಯ ಕೋಣೆಯಲ್ಲಿ ಚೇಳಿನ ಭಯಕ್ಕೆ ಕಲಿತ ಶಿಸ್ತು ಅದು. ನಾಲ್ಕು ಮಡಿಕೆ ಮಾಡಿ ಮೂಲೆಯ ಮಣೆಯ ಮೇಲಿಟ್ಟೆ. ಐದು ನಲವತ್ತಕ್ಕೆ ಚಹಾ. ಐದು ನಲವತ್ತೆರಡಕ್ಕೆ ಶರಣಮ್ಮನಿಗೆ ಕೆಮ್ಮು.

ಈ ಕೆಮ್ಮೇ ಎಲ್ಲದಕ್ಕೂ ಮೂಲ. ಹದಿನೈದು ದಿನದ ಹಿಂದೆ ಡಾಕ್ಟರು ಆಕೆಯ ಎದೆಗೆ ಕೊಳವೆ ಇಟ್ಟು ಕೇಳಿ, "ಮನೆಯಲ್ಲಿ ಪ್ರಾಣಿ ಇವೆಯೇ?" ಎಂದರು. ಎರಡಿವೆ ಎಂದೆ. "ಕೂದಲು ಉದುರುತ್ತದೆಯೇ?" ಎಂದರು. ನಡುಮನೆಯ ತುಂಬ ಎಂದೆ. "ಹಾಗಾದರೆ ಕೂದಲು ಮನೆಯಲ್ಲಿ ಇರಬಾರದು" ಎಂದು ಚೀಟಿ ಬರೆದರು.

ಬೆಕ್ಕು ಹಗಲೆಲ್ಲ ಮಾಳಿಗೆಯ ಮೇಲೇ ಇರುತ್ತದೆ. ಆದ್ದರಿಂದ ಆರೋಪ ಕೆಂಚನ ಮೇಲೆ ಬಂತು. ಕೆಂಚ ನನ್ನ ನೌಕರಿಯ ಕೊನೆಯ ಆರು ವರ್ಷ ದಿನಕ್ಕೆ ಮೂರು ಸಲ ನನ್ನ ಜೊತೆಗೆ ಕಾಲುವೆಯ ದಂಡೆಯ ಮೇಲೆ ನಡೆದವನು. ನಾನು ಗೇಜ್ ನೋಡುವಾಗ ಅವನೂ ಕುತ್ತಿಗೆ ಚಾಚಿ ನೀರು ನೋಡುತ್ತಿದ್ದ. ನಾನು ನಿವೃತ್ತನಾದ ದಿನ ಅವನೂ ಹಾರವಿಲ್ಲದೆ ನಿವೃತ್ತನಾದ.

"ನನಗೇನ್ ಕೆಂಚ ಬ್ಯಾಡಾಗಿಲ್ರಿ, ಉಸಿರ ಬೇಕಾಗ್ಯದ" ಎಂದಳು ಹೋದ ವಾರ ಶರಣಮ್ಮ. "ಬರೂ ಸೋಮವಾರ ಸಂಜಿಕ ನನ್ನ ತವರೂರ ಬೀರಪ್ಪ ಬರ್ತಾನ. ಅವನ ಕುರಿ ಹಿಂಡಿನ ಜೋಡಿ ಕೆಂಚ ಬಳಿಚಕ್ರಕ್ಕ ಹೋಗ್ಲಿ. ಅಲ್ಲಿ ಬಯಲಾಗ ಎಷ್ಟ ಕೂದಲಾ ಉದುರಿಸಿದ್ರೂ ಯಾರೂ ಕೆಮ್ಮಂಗಿಲ್ಲ."

"ಸೋಮವಾರ ಸಂಜಿ ಅಂದ್ರ ಎಷ್ಟ ಗಂಟಿ?" ಎಂದೆ.

"ಐದಕ್ಕ."

"ಐದರ ಒಳಗ ಮನ್ಯಾಗ ಒಂದೂ ಕೂದಲಾ ಇರಲಿಲ್ಲಂದ್ರ?"

"ಇರಲಿಲ್ಲಂದ್ರ ಕೆಂಚ ಇರ್ತಾನ. ಆದ್ರ ಕಸಬರಗಿಲೆ ಆಗೂದಲ್ಲ ಬಿಡ್ರಿ ಇದು. ಗುಡಿಸಿದಷ್ಟೂ ಹಾರಿ ಹಾರಿ ಮೂಗಿಗೇ ಬರ್ತದ."

ನಾನು ನಕ್ಕೆ. ಕಸಬರಿಗೆಯಿಂದ ಆಗದ್ದು ಯಂತ್ರದಿಂದ ಆಗುತ್ತದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎನ್ನುವುದೂ ನನಗೆ ಬಹಳ ಚೆನ್ನಾಗಿ ಗೊತ್ತಿತ್ತು!

ಕಸ ಎಳೆಯುವ ಯಂತ್ರ ಕೊಳ್ಳುವುದಕ್ಕೆ ಒಂದು ಕ್ರಮ ಬೇಕು. ನಾನು ಉದ್ದ ಪುಸ್ತಕದಲ್ಲಿ ಐದು ಕಾಲಂ ಗೆರೆ ಹೊಡೆದೆ: ಊರು, ಬೆಲೆ, ಎಳೆಯುವ ಶಕ್ತಿ, ವೈರಿನ ಉದ್ದ, ಷರಾ. ನಡುಮನೆಯ ನೆಲದಿಂದ ಒಂದು ಚಿಟಿಕೆ ಕೂದಲು ಆರಿಸಿ ಲಕೋಟೆಯಲ್ಲಿ ಹಾಕಿ, ಮೇಲೆ "ಮಾದರಿ" ಎಂದು ಬರೆದೆ. ಒಂದು ವಾರ ಈ ಲಕೋಟೆಯೊಂದಿಗೆ ಮೂರು ಊರು ತಿರುಗಿದೆ. ಶಹಾಪುರದ ಅಂಗಡಿಯಲ್ಲಿ ಯಂತ್ರದ ಚಿತ್ರ ಮಾತ್ರ ಇತ್ತು. ಯಾದಗಿರಿಯಲ್ಲಿ ಯಂತ್ರವೇ ಇತ್ತು, ಆದರೆ ಅದರ ಬೆಲೆಗೆ ಒಂದು ಎಮ್ಮೆ ಬರುತ್ತಿತ್ತು. ಅಂಗಡಿಯ ಹುಡುಗಿ ನನ್ನ ಲಕೋಟೆಯನ್ನು ಮುಟ್ಟಲೂ ಒಪ್ಪಲಿಲ್ಲ. ಉಳಿದದ್ದು ಸುರಪುರ.

ಗಡುವಿನ ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಸುರಪುರದ ಅಂಗಡಿಯಲ್ಲಿ ನಿಂತಿದ್ದೆ. ಮಾಲೀಕರು ನನ್ನ ವಯಸ್ಸಿನವರೇ, ಮಹೆಬೂಬಸಾಬ್. ಲಕೋಟೆ ಬಿಚ್ಚಿ ಗಾಜಿನ ಮೇಜಿನ ಮೇಲೆ ಮಾದರಿ ಸುರಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಯಾವ ಜನಾವರರೀ ಇದು? ಮನ್ಯಾಗ ಕರಡಿ ಸಾಕೀರೇನು?"

"ನಾಯಿ" ಎಂದೆ ಗಂಭೀರವಾಗಿ.

"ನಾಯಿ? ಅಜಬ್ ನಾಯಿ ಅದ ಬಿಡ್ರಿ!"

ವ್ಯಾಪಾರಿಗಳಿಗೆ ಪ್ರಾಣಿಗಳ ವಿಷಯ ಏನು ತಿಳಿದೀತು ಎಂದುಕೊಂಡೆ. ಅವರು ಒಳಗಿನಿಂದ ಒಂದು ಕೆಂಪು ಯಂತ್ರ ತಂದರು. ಗಡಿಗೆಯಷ್ಟು ಗಾತ್ರ, ಒಂದು ಕೈಹಿಡಿ, ಒಂದು ಉದ್ದನೆಯ ಪೈಪು, ಬಟ್ಟೆಯ ಒಂದು ಚೀಲ. ಯಂತ್ರಕ್ಕೆ ಎರಡು ಬಾಯಿ: ಮೇಲೊಂದು, ಕೆಳಗೊಂದು.

"ಒಂದ್ ಬಾಯಿ ಎಳೀತದ, ಒಂದ್ ಬಾಯಿ ಊದ್ತದ. ಪೈಪ್ ಯಾವದಕ್ಕ ಹಾಕ್ತೀರಿ ಆ ಕೆಲಸ ಮಾಡ್ತದ. ಒಂದ ರೊಕ್ಕದಾಗ ಎರಡ್ ಮಶೀನ್, ಸಾಹೇಬ್ರ!"

"ನಿಮಿಷಕ್ಕ ಎಷ್ಟ ಎಳೀತದ?"

"ಜೋರ್ ಎಳೀತದ."

"ಜೋರ್ ಅಂದ್ರ ಎಷ್ಟ?"

ಅವರು ಗುಂಡಿ ಒತ್ತಿದರು. ಮಾದರಿ ಮಾಯ! ಲಕೋಟೆಯೂ ಮಾಯ! ಪಕ್ಕದಲ್ಲಿದ್ದ ನನ್ನ ಬಸ್ ಟಿಕೆಟ್ಟೂ ಮಾಯ! ನಾನು ಎಳೆಯುವ ಶಕ್ತಿಯ ಕಾಲಂನಲ್ಲಿ "ಜೋರು" ಎಂದು ಬರೆದೆ. ಬೆಲೆ ನನ್ನ ಪಿಂಚಣಿಗೆ ಒಪ್ಪುವಂತಿತ್ತು. ಯಂತ್ರ ನನ್ನದಾಯಿತು.

"ಹ್ಯಾಂಗ ನಡಸೂದಂತ ಕಾಗದ ಅದ, ಒಮ್ಮಿ ಓದ್ರಿ" ಎಂದರು ಮಹೆಬೂಬಸಾಬ್, ಪೈಪು ಬಿಚ್ಚಿ ಡಬ್ಬಿಗೆ ಹಾಕುತ್ತ.

"ಮೂವತ್ತೆರಡು ವರ್ಷ ಕಾಲುವಿ ನಡಸೀನ್ರಿ" ಎಂದೆ.

ಅವರು ಮತ್ತೇನೂ ಹೇಳಲಿಲ್ಲ. ಹೇಳಬಹುದಿತ್ತು.

ಹನ್ನೆರಡು ಹತ್ತಕ್ಕೆ ಮನೆ ಸೇರಿದೆ. ಈಗ ಪೈಪನ್ನು ಯಾವ ಬಾಯಿಗೆ ಹಾಕಬೇಕು ಎನ್ನುವ ಪ್ರಶ್ನೆ ಬಂತು. ಕಾಗದ ಡಬ್ಬಿಯ ತಳದಲ್ಲಿತ್ತು. ನಾನು ಅದನ್ನು ತೆಗೆಯಲಿಲ್ಲ. ಪ್ರಶ್ನೆ ಬಹಳ ಸರಳ. ಯಾವ ಕಾಲುವೆಯಲ್ಲಾದರೂ ಒಳಬರುವುದು ಮೇಲಿನಿಂದ, ಹೊರಹೋಗುವುದು ಕೆಳಗಿನಿಂದ. ತಲೆ ಮೇಲೆ, ಬಾಲ ಕೆಳಗೆ. ಆದ್ದರಿಂದ ಎಳೆಯುವ ಬಾಯಿ ಮೇಲಿನದು. ಪೈಪನ್ನು ಮೇಲಿನ ಬಾಯಿಗೆ ತಿರುಪಿದೆ.

ಎರಡನೆಯ ಪ್ರಶ್ನೆ, ಎಲ್ಲಿಂದ ಶುರು ಮಾಡಬೇಕು? ಇದಕ್ಕೂ ನಮ್ಮಲ್ಲಿ ನಿಯಮವಿದೆ. ನೀರು ಮೊದಲು ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟಬೇಕು, ಆಮೇಲೆ ಹತ್ತಿರದವರಿಗೆ. ಇಲ್ಲದಿದ್ದರೆ ಕೊನೆಯವರು ಕೊಡಲಿ ಹಿಡಿದು ಬರುತ್ತಾರೆ. ನಮ್ಮ ಮನೆಯ ಕಟ್ಟಕಡೆಯ ಭಾಗ ಅಡಿಗೆಮನೆ. ಅಲ್ಲಿ ಶರಣಮ್ಮ ರೊಟ್ಟಿ ಬಡಿಯಲು ಕುಳಿತಿದ್ದಳು. ಆಕೆಯ ಮುಂದೆ ಕೊಣಮಿಗೆಯ ತುಂಬ, ಅಂದರೆ ಆ ಅಗಲವಾದ ಕಟ್ಟಿಗೆಯ ತಟ್ಟೆಯ ತುಂಬ, ಆಗಷ್ಟೇ ಜರಡಿ ಹಿಡಿದ ಜೋಳದ ಹಿಟ್ಟು.

"ಈ ಕಡಿ ಯಾಕ ತಂದ್ರಿ ಅದನ್ನ? ಕೂದಲಾ ಇರೂದು ನಡುಮನ್ಯಾಗ!"

"ಕೊನಿ ಭಾಗಕ್ಕ ಮೊದಲ, ಶರಣಮ್ಮ. ನಿಯಮ ಅದ."

"ಹಿಟ್ಟ ಮುಚ್ತೀನಿ, ತಡೀರಿ..."

"ಇದು ಎಳಿಯೂ ಮಶೀನು. ಎಳಿಯೂದಕ್ಕ ಯಾಕ ಮುಚ್ಚಬೇಕು?"

ಗುಂಡಿ ಒತ್ತಿದೆ.

ಆಮೇಲೆ ಏನಾಯಿತು ಎಂದು ನಾನು ಕಣ್ಣಾರೆ ನೋಡಿದೆ ಎಂದು ಹೇಳಲಾರೆ, ಏಕೆಂದರೆ ಯಾರಿಗೂ ಏನೂ ಕಾಣಿಸಲಿಲ್ಲ! ಕೊಣಮಿಗೆಯ ಹಿಟ್ಟೆಲ್ಲ ಒಮ್ಮೆಗೇ ಎದ್ದು ನಿಂತಿತು. ಬೇಸಿಗೆಯಲ್ಲಿ ಏಳುವ ಸುಂಟರಗಾಳಿಯನ್ನು ಬಯಲಿನಲ್ಲಿ ಬಹಳ ಕಂಡಿದ್ದೇನೆ. ಅಡಿಗೆಮನೆಯೊಳಗೆ, ಅದೂ ಬಿಳಿಯ ಬಣ್ಣದ್ದು, ಇದೇ ಮೊದಲು. ಎಳೆಯುತ್ತಿಲ್ಲ, ಊದುತ್ತಿದೆ ಎಂದು ತಿಳಿಯಲು ನನಗೆ ಮೂರು ಉಸಿರು ಬೇಕಾಯಿತು. ಮೂರೂ ಹಿಟ್ಟಿನವೇ. ಗುಂಡಿ ಎಲ್ಲಿದೆ ಎಂದು ಕಾಣದೆ ಪೈಪು ಹಿಡಿದು ನಡುಮನೆಯತ್ತ ಓಡಿದೆ. ಅಲ್ಲಿ ನೆಲದಲ್ಲಿ ತೆಪ್ಪಗೆ ಮಲಗಿದ್ದ ಕೂದಲುಗಳು ಗುಂಪಾಗಿ ಎದ್ದು ಪೂಜೆಯ ಜಗಲಿಯ ಮೇಲಿನ ದೇವರಿಗೂ, ಗೋಡೆಯ ಮೇಲಿನ ನನ್ನ ಮಾವನವರ ಫೋಟೋಕ್ಕೂ ಹೋಗಿ ಅಂಟಿಕೊಂಡವು. ಜೀವಮಾನವಿಡೀ ಬೋಳು ಮುಖದಲ್ಲಿದ್ದ ಮಾವನವರಿಗೆ ಮೀಸೆ ಬಂತು!

ಕೆಂಚ ಮಂಚದ ಕೆಳಗೆ ಹೋದ. ವೈರು ಕಾಲಿಗೆ ತೊಡರಿ ಪ್ಲಗ್ ಕಿತ್ತು ಬಂತು. ಶಾಂತಿ ನೆಲೆಸಿತು.

ಶರಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಬಂದಳು. ಹುಬ್ಬು ಬಿಳಿ, ಕೂದಲು ಬಿಳಿ, ಕಣ್ಣು ಮಾತ್ರ ಕೆಂಪು. ಆಕೆ ಕೆಮ್ಮಿದಳು. ನಾನು ಕೆಮ್ಮಿದೆ. ಮಂಚದ ಕೆಳಗಿನಿಂದ ಕೆಂಚ ಸೀನಿದ. ಕಿಟಕಿಯಲ್ಲಿ ಪಕ್ಕದ ಮನೆಯ ಶಂಕ್ರಪ್ಪ ಮಾಸ್ತರರ ಮುಖ ಕಾಣಿಸಿತು.

"ಏನ್ರಿ ಗೇಜ್ ಸಾಹೇಬ್ರ, ಮನ್ಯಾಗ ಹಿಟ್ಟಿನ ಗಿರಣಿ ಹಾಕಿದ್ರೇನು?"

"ಪರೀಕ್ಷೆ ನಡೆದಿದೆ" ಎಂದೆ. ಗಾಬರಿಯಾದಾಗ ನನಗೆ ಪುಸ್ತಕದ ಕನ್ನಡ ಬರುತ್ತದೆ.

"ಪಾಸ್ ಆತೇನ್ರಿ?"

ನಾನು ಕಿಟಕಿ ಮುಚ್ಚಿದೆ.

ಒಂದೂವರೆಗೆ ಎಲ್ಲರೂ ಅವಲಕ್ಕಿ ತಿಂದೆವು. ರೊಟ್ಟಿಯ ಹಿಟ್ಟು ಗೋಡೆಯ ಮೇಲಿತ್ತು. ಐದು ಗಂಟೆಗೆ ಬೀರಪ್ಪ ಬರುವವನಿದ್ದ. ಮನೆಯಲ್ಲಿ ಈಗ ಮೊದಲಿದ್ದ ಕೂದಲೂ ಇತ್ತು, ಇಲ್ಲದಿದ್ದ ಹಿಟ್ಟೂ ಇತ್ತು. ನಾನು ಸೋಲುವವನಲ್ಲ. ಎರಡು ಗಂಟೆಗೆ ಪೈಪನ್ನು ಕೆಳಗಿನ ಬಾಯಿಗೆ, ಚೀಲವನ್ನು ಮೇಲಿನ ಬಾಯಿಗೆ ಹಾಕಿದೆ. ಶರಣಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಹೋಗಿ ಕುಳಿತಳು. ಕೆಂಚನೂ ಹಿಂದೆಯೇ ಹೋಗಿ ಆಕೆಯ ಕಾಲ ಬಳಿ ಕುಳಿತ. ನಂಬಿಕೆ ಯಾರ ಮೇಲಿದೆ ಎನ್ನುವುದು ಸ್ಪಷ್ಟವಾಗಿತ್ತು.

ಗುಂಡಿ ಒತ್ತಿದೆ. ಎಳೆಯಿತು! ಮಹೆಬೂಬಸಾಬ್ ಸುಳ್ಳು ಹೇಳಿರಲಿಲ್ಲ. ಹಿಟ್ಟು ಎಳೆಯಿತು, ಕೂದಲು ಎಳೆಯಿತು, ಮಾವನವರ ಮೀಸೆಯನ್ನೂ ಗೌರವದಿಂದ ತೆಗೆದೆ. ನಡುಮನೆಯ ನೆಲದ ಪರಸಿ ಕಲ್ಲು ಮಿಂಚತೊಡಗಿತು. ಮಣೆಯಿದ್ದ ಮೂಲೆಗೆ ಬಂದಾಗಲಂತೂ ಯಂತ್ರಕ್ಕೆ ಹಬ್ಬ. ಅಲ್ಲಿಯೇ ಎಷ್ಟು ಕೂದಲು! ಎಳೆದಷ್ಟೂ ಬರುತ್ತಿತ್ತು, ಬಂದಷ್ಟೂ ಎಳೆಯುತ್ತಿತ್ತು. ಚೀಲ ತುಂಬಿತು. ಹೊರಗೆ ತಂದು ಹಳೆಯ ಪತ್ರಿಕೆಯ ಮೇಲೆ ಸುರಿದೆ. ಮತ್ತೆ ಅದೇ ಮೂಲೆಗೆ ಹೋದೆ. ಮತ್ತೆ ತುಂಬಿತು. ಮೂರನೆಯ ಸಲ ಸುರಿದಾಗ ಕಟ್ಟೆಯ ಮೇಲೆ ಒಂದು ಸಣ್ಣ ಗುಡ್ಡವೇ ಆಗಿತ್ತು. ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದೆ: ಮೂರು ಚೀಲ.

"ನೋಡು" ಎಂದೆ ಶರಣಮ್ಮನಿಗೆ.

ಆಕೆ ಗುಡ್ಡವನ್ನು ನೋಡಿದಳು. ಕೆಂಚನನ್ನು ನೋಡಿದಳು. ಮತ್ತೆ ಗುಡ್ಡವನ್ನು ನೋಡಿದಳು.

"ಅಯ್ಯ ಶಿವನೇ! ಇಷ್ಟ ಕೂದಲಾ ಉದುರಿಸ್ತಾನೇನ್ರಿ ಇಂವಾ? ಒಂದ ಚೀಲಾ ಆಗಿದ್ರ ಇರ್ಲಿ ಅಂತಿದ್ದೆ. ಮೂರ ಚೀಲಾ! ಇಂಥಾ ನಾಯಿ ಮನ್ಯಾಗ ಹ್ಯಾಂಗ ಇಟ್ಕೋಬೇಕು ನೀವೇ ಹೇಳ್ರಿ?"

ಕೆಂಚನನ್ನು ಉಳಿಸಲೆಂದು ತಂದ ಯಂತ್ರ ಅವನ ವಿರುದ್ಧ ಸಾಕ್ಷಿ ಹೇಳಿತ್ತು. ಅದೂ ಬರವಣಿಗೆಯಲ್ಲಿ, ನನ್ನದೇ ಅಕ್ಷರದಲ್ಲಿ!

ಇನ್ನೂ ಒಂದು ಆಸೆಯಿತ್ತು. ಆ ಮೂಲೆಯೊಂದು ಸ್ವಚ್ಛವಾದರೆ ಮನೆಯಲ್ಲಿ ಒಂದೂ ಕೂದಲು ಉಳಿಯುವುದಿಲ್ಲ. ಮಾತು ಹಾಗೆಯೇ ಆಗಿತ್ತಲ್ಲ! ನಾಲ್ಕು ಇಪ್ಪತ್ತಕ್ಕೆ ನಾಲ್ಕನೆಯ ಸಲ ಒಳಗೆ ಹೋದೆ. ಪೈಪಿನ ಬಾಯಿಯನ್ನು ಮಣೆಯ ಮೇಲಕ್ಕೇ ಒತ್ತಿ ಹಿಡಿದೆ. ಯಂತ್ರ ಮೊದಲು ಗೊರಗೊರ ಎಂದಿತು, ಆಮೇಲೆ ಕೀಚಲು ದನಿ ತೆಗೆಯಿತು, ಆಮೇಲೆ ಸುಟ್ಟ ವಾಸನೆ ಬಂತು, ಆಮೇಲೆ "ಫಟ್" ಎಂದಿತು. ಫ್ಯಾನು ನಿಂತಿತು. ಪಕ್ಕದ ಮನೆಯ ಟಿವಿಯೂ ನಿಂತಿತು.

"ಗೇಜ್ ಸಾಹೇಬ್ರ!" ಶಂಕ್ರಪ್ಪ ಮಾಸ್ತರರು ಈ ಸಲ ಕಿಟಕಿಗೆ ಬರಲಿಲ್ಲ, ಬಾಗಿಲಿಗೇ ಬಂದರು. "ಓಣಿ ಪೂರಾ ಕರೆಂಟ್ ಹೋಗ್ಯಾದ್ರಿ. ಪರೀಕ್ಷಾ ಮುಗೀತೇನು, ಇಲ್ಲಾ ಇನ್ನೊಂದ ಪೇಪರ್ ಅದ?"

ಮುಗಿದಿತ್ತು. ಯಂತ್ರವನ್ನು ಕಟ್ಟೆಯ ಮೇಲೆ ಇಟ್ಟು ಪಕ್ಕದಲ್ಲಿ ಕುಳಿತೆ. ಇಬ್ಬರೂ ಬಿಸಿಯಾಗಿದ್ದೆವು.

ಐದಕ್ಕೆ ಸರಿಯಾಗಿ ಬೀರಪ್ಪ ಬಂದ. ಹೆಗಲ ಮೇಲೆ ಹಗ್ಗ, ತಲೆಗೆ ರುಮಾಲು, ಸೊಂಟದಲ್ಲಿ ಉಣ್ಣೆ ನೂಲುವ ಕದಿರು. ನಡೆಯುವಾಗ, ಕುಳಿತಾಗ, ಮಾತಾಡುವಾಗ ಅವನ ಕೈ ನೂಲುತ್ತಲೇ ಇರುತ್ತದೆ.

"ಅಕ್ಕಾ, ಆರಾಮೇನವ್ವ? ಎಲ್ಲಿ ನಾಯಿ?"

ನಾನು ಎದ್ದು ಒಳಗೆ ಹೋಗಿ ಒಂದು ಹಾಳೆ ತಂದೆ. ಯಾವುದೇ ಸಿಬ್ಬಂದಿ ವರ್ಗವಾದಾಗ, ಯಾರ ಕೈಗೆ ಏನೇನು ಒಪ್ಪಿಸಿದೆವು ಎಂದು ತೋರಿಸುವ ಚಾರ್ಜ್ ಪಟ್ಟಿ ಬೇಕು. "ನಾಯಿ ಒಂದು. ಹೆಸರು ಕೆಂಚ. ಅಲ್ಯೂಮಿನಿಯಂ ತಟ್ಟೆ ಒಂದು. ಕೊರಳ ಪಟ್ಟಿ ಒಂದು" ಎಂದು ಬರೆದೆ. ಮುಂದೆ ಷರಾ ಬರೆಯಬೇಕಿತ್ತು. "ಬೆಳಿಗ್ಗೆ ಆರಕ್ಕೆ ಕಾಲುವೆಗೆ ಕರೆದೊಯ್ಯಬೇಕು. ನೀರು ನೋಡುತ್ತಾನೆ" ಎಂದು ಬರೆದೆ. ಬಳಿಚಕ್ರದಲ್ಲಿ ಕಾಲುವೆಯಿಲ್ಲ ಎಂದು ನೆನಪಾಯಿತು. ಹೊಡೆದು ಹಾಕಿದೆ. ಪೆನ್ನು ಸರಿಯಾಗಿ ಬರೆಯುತ್ತಿರಲಿಲ್ಲ. ಕನ್ನಡಕದ ಗಾಜಿಗೆ ಇನ್ನೂ ಹಿಟ್ಟು ಹತ್ತಿತ್ತು, ಅಷ್ಟೇ.

"ಇಲ್ಲಿ ಹೆಬ್ಬಟ್ಟು ಒತ್ತು" ಎಂದೆ.

ಬೀರಪ್ಪನ ಗಮನ ಹಾಳೆಯ ಮೇಲಿರಲಿಲ್ಲ. ಅವನು ಪತ್ರಿಕೆಯ ಮೇಲಿನ ಗುಡ್ಡದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಒಂದು ಹಿಡಿ ತೆಗೆದು ಹಿಟ್ಟು ಜಾಡಿಸಿದ, ಬೆರಳಲ್ಲಿ ಬಿಡಿಸಿದ, ಕದಿರಿಗೆ ಹಚ್ಚಿ ತೊಡೆಯ ಮೇಲೆ ಒಮ್ಮೆ ತಿರುವಿದ. ಕದಿರು ಗಿರ್ರನೆ ತಿರುಗಿತು. ಅದರಿಂದ ಒಂದು ಮೊಳ ಕರಿಯ ನೂಲು ಇಳಿಯಿತು.

"ಏನಿದು ಸಾಹೇಬ್ರ?"

"ಕೆಂಚನ ಕೂದಲು."

"ನಾಯಿ ಕೂದಲ ನೂಲಾಗತೈತೇನ್ರಿ? ಹರದ ಹೋಗತೈತಿ. ಇದು ಕುರಿ ಉಣ್ಣಿ." ಅವನು ತಲೆಯೆತ್ತಿದ. "ನಿಮ್ಮ ನಾಯಿ ಕೆಂಪ ಐತಿ, ಬೆಕ್ಕು ಬೆಳ್ಳಗ ಐತಿ, ಈ ಕೂದಲಾ ಕರ್ರಗ ಐತಿ. ಇದು ಗೊತ್ತಾಗಾಕ ಮಶೀನು ಯಾಕ ಬೇಕಾತ್ರಿ?"

ಶಂಕ್ರಪ್ಪ ಮಾಸ್ತರರು ಇನ್ನೂ ಹತ್ತಿರ ಸರಿದರು.

"ಅಕ್ಕಾ, ನಿಮ್ಮ ಮದುವ್ಯಾಗ ನಮ್ಮ ಅಪ್ಪ ಒಂದ ಕರಿ ಕಂಬಳಿ ನೇದು ಕೊಟ್ಟಿದ್ದಲ್ಲ, ಎಲ್ಲೈತಿ ಅದು?"

ಶರಣಮ್ಮ ಒಳಗೆ ಹೋದಳು. ಮಣೆಯ ಮೇಲಿದ್ದ ಕಂಬಳಿಯನ್ನು ಎರಡು ಬೆರಳಲ್ಲಿ ಹಿಡಿದು ತಂದಳು. ಯಂತ್ರ ನಾಲ್ಕನೆಯ ಸಲ ಎಳೆದ ಕಡೆ ಅದರ ಮಧ್ಯದಲ್ಲಿ ರೊಟ್ಟಿಯಷ್ಟು ಅಗಲದ ತೂತು ಬಿದ್ದಿತ್ತು. ಅದರ ಮೂಲಕ ನನಗೆ ಆಕೆಯ ಮುಖ ಕಾಣುತ್ತಿತ್ತು. ಕಾಣದಿದ್ದರೆ ಚೆನ್ನಾಗಿತ್ತು.

"ಹಳೀದಾಗೈತಿ" ಎಂದ ಬೀರಪ್ಪ. "ಮುಟ್ಟಿದ್ರ ಉದುರತೈತಿ. ಇದನ್ನ ಎಲ್ಲಿ ಕೊಡವ್ತೀರಿ ಸಾಹೇಬ್ರ?"

ನಾನು ಕಾಲುವೆಯ ದಿಕ್ಕಿಗೆ ನೋಡಿದೆ.

"ನಡುಮನ್ಯಾಗ!" ಎಂದಳು ಶರಣಮ್ಮ. "ದಿನಾ ಐದೂವರಿಗೆ! ಹನ್ನೆರಡ ಸಲ! ಹನ್ನೊಂದಲ್ಲ, ಹದಿಮೂರಲ್ಲ! ಇದನ್ನ ಒಗೀರಿ, ಇಲ್ಲಾ ಹೊರಗ ಕೊಡವ್ರಿ ಅಂತ ಹತ್ತ ವರ್ಷದಿಂದ ಬಡ್ಕೊಳ್ಳಾಕತ್ತೀನಿ. ಕಂಬಳಿಗಿ ಮೈಲಿಗಿಲ್ಲ, ನೀರ ತಾಕಸಬಾರದು ಅಂತಿದ್ರಿ. ನಾ ಕೆಮ್ಮೂದು ನಿಮ್ಮ ಕಂಬಳಿಗಿ, ಊರ ಬಿಡಾಂವ ಕೆಂಚ!"

"ಡಾಕ್ಟರ್ ಕೇಳಿದ್ದು ಪ್ರಾಣಿ ಬಗ್ಗೆ..." ಎಂದೆ.

"ಎರಡ ಅಂತ ಲೆಕ್ಕಾ ಕೊಟ್ರಿ" ಎಂದಳು. "ಮೂರನೇದು ಬಿಟ್ರಿ."

ಶಂಕ್ರಪ್ಪ ಮಾಸ್ತರರು ಕಟ್ಟೆ ಹಿಡಿದುಕೊಂಡು ನಕ್ಕರು. ಬೀರಪ್ಪ ಮರ್ಯಾದೆಗಾಗಿ ರುಮಾಲಿನೊಳಗೆ ನಕ್ಕ. ಕೆಂಚ ಎದ್ದು ಬಂದು ಕಂಬಳಿಯನ್ನು ಮೂಸಿ, ಒಮ್ಮೆ ಸೀನಿ, ನನ್ನ ಕಾಲ ಮೇಲೆ ಗದ್ದವಿಟ್ಟು ಕುಳಿತ. ಅವನ ದೊಡ್ಡತನ ಅದು.

ಮೂವತ್ತೆರಡು ವರ್ಷ ನೀರಿನ ಒಂದು ಅಂಗುಲ ತಪ್ಪದೆ ನೋಡಿದವನು ನಾನು. ಕರಿಯ ಕೂದಲನ್ನು ಲಕೋಟೆಯಲ್ಲಿ ಹಾಕಿಕೊಂಡು ಮೂರು ಊರು ತಿರುಗಿದೆ, ಅದರ ಬಣ್ಣ ನೋಡಲಿಲ್ಲ. ಸುರಪುರದ ಮಹೆಬೂಬಸಾಬ್ ಕರಡಿ ಎಂದಾಗಲೇ ತಿಳಿಯಬೇಕಿತ್ತು. ಕರಡಿಯೇ ಅವರ ಮುಂದೆ ನಿಂತಿತ್ತು!

ಚಾರ್ಜ್ ಪಟ್ಟಿ ವ್ಯರ್ಥವಾಗಬಾರದು. "ನಾಯಿ ಒಂದು" ಎಂಬುದನ್ನು ಹೊಡೆದು "ಕಂಬಳಿ ಒಂದು, ತೂತು ಸಹಿತ" ಎಂದು ಬರೆದೆ. ತಟ್ಟೆ, ಪಟ್ಟಿ ಎರಡನ್ನೂ ಹೊಡೆದೆ. ಬೀರಪ್ಪ ಹೆಬ್ಬಟ್ಟು ಒತ್ತಿ, ಕಂಬಳಿಯನ್ನೂ ಉಣ್ಣೆಯ ಗುಡ್ಡವನ್ನೂ ಗಂಟು ಕಟ್ಟಿದ. ಹೋಗುವಾಗ ಯಂತ್ರವನ್ನು ನೋಡಿ ನಿಂತ. ಅದರ ಪರೀಕ್ಷೆಯ ಕತೆಯನ್ನು ಶಂಕ್ರಪ್ಪ ಮಾಸ್ತರರು ಅವನಿಗೆ ಆಗಲೇ ಹೇಳಿ ಮುಗಿಸಿದ್ದರು.

"ಇದು ಊದತೈತಂತಲ್ಲ ಸಾಹೇಬ್ರ? ರಿಪೇರಿ ಆದ್ರ ಕಣದಾಗ ಜ್ವಾಳಾ ತೂರಾಕ ಬರತೈತಿ. ಗಾಳಿ ಇಲ್ಲದಾಗ."

"ತಗೊಂಡ ಹೋಗು" ಎಂದಳು ಶರಣಮ್ಮ. ನನ್ನನ್ನು ಯಾರೂ ಕೇಳಲಿಲ್ಲ.

ಆರು ಗಂಟೆಗೆ ಓಣಿಗೆ ಕರೆಂಟ್ ಬಂತು. ಶರಣಮ್ಮ ನನ್ನ ಕೈಗೆ ಕಸಬರಿಗೆ ಕೊಟ್ಟಳು, ತಾನು ಹೋಗಿ ಶಂಕ್ರಪ್ಪ ಮಾಸ್ತರರ ಮನೆಯ ಟಿವಿಯ ಮುಂದೆ ಕುಳಿತಳು. ನಾನು ಮೂಗಿಗೆ ಟವೆಲ್ ಕಟ್ಟಿ ಗುಡಿಸಿದೆ. ಅಡಿಗೆಮನೆಯಿಂದಲೇ ಶುರು ಮಾಡಿದೆ, ನಿಯಮ ನಿಯಮವೇ. ಗೋಡೆ ಒರೆಸಿದೆ, ದೇವರನ್ನು ಒರೆಸಿದೆ, ಮಾವನವರನ್ನು ಎರಡು ಸಲ ಒರೆಸಿದೆ. ಕೆಂಚ ಕುತ್ತಿಗೆ ಚಾಚಿ ಪ್ರತಿ ಮೂಲೆಯನ್ನೂ ನೋಡುತ್ತ ಹಿಂದೆ ಹಿಂದೆಯೇ ಬಂದ.

ಏಳು ಹತ್ತಕ್ಕೆ ಕಸಬರಿಗೆಯನ್ನು ಬಾಗಿಲ ಹಿಂದೆ ನಿಲ್ಲಿಸಿ ಪುಸ್ತಕ ತೆರೆದೆ. ದಿನದ ಕೊನೆಯ ಕಾಲಂ ಖಾಲಿಯಿತ್ತು. ತುಂಬಿದೆ.

ಷರಾ: ಈ ಮನೆಯಲ್ಲಿ ಕೂದಲು ಉದುರಿಸುವ ಪ್ರಾಣಿ ಒಂದೇ. ಅದಕ್ಕೆ ಪಿಂಚಣಿ ಬರುತ್ತದೆ.